ಇಡೀ ದೇಶಕ್ಕೆ ಆಸ್ಪತ್ರೆಯ ಬಾಗಿಲು ತೆರೆಸಿದ ಗಣಿ ಕಾರ್ಮಿಕ: ಅನೈರಿನ್ ಬೆವನ್

 

ಸಿಡುಬಿಗೆ ಲಸಿಕೆ ಕಂಡುಹಿಡಿದ ಎಡ್ವರ್ಡ್ ಜೆನ್ನರ್ ಬಗ್ಗೆ ನಾವೆಲ್ಲ ಓದಿದ್ದೇವೆ. ಹುಚ್ಚುನಾಯಿ ಕಡಿತಕ್ಕೆ ಮದ್ದು ಕೊಟ್ಟ ಲೂಯಿ ಪಾಶ್ಚರ್, ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್, ಇವರ ಹೆಸರೂ ನಮಗೆ ಬಾಯಿಪಾಠ. ಆದರೆ ಒಂದು ಮಾತು ಯೋಚನೆ ಮಾಡಿ. ಔಷಧಿ ಕಂಡುಹಿಡಿದರೆ ಸಾಕೇ? ಅದು ದುಡ್ಡಿಲ್ಲದವರ ಮನೆಗೂ ಬರಬೇಕಲ್ಲವೇ? ಆ ಎರಡನೇ ಕೆಲಸಕ್ಕಾಗಿ ಜೀವನ ಸವೆಸಿದವರ ಬಗ್ಗೆ ನಾವು ಓದಿದ್ದು ಕಡಿಮೆ. ಅಂಥವರಲ್ಲಿ ಒಬ್ಬರು ಅನೈರಿನ್ ಬೆವನ್. ಅವರು ಡಾಕ್ಟರೂ ಅಲ್ಲ, ವಿಜ್ಞಾನಿಯೂ ಅಲ್ಲ. ಹದಿಮೂರನೇ ವಯಸ್ಸಿಗೆ ಶಾಲೆ ಬಿಟ್ಟು ಕಲ್ಲಿದ್ದಲು ಗಣಿಗೆ ಇಳಿದವರು!

ಬಾಲ್ಯ

ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿ ವೇಲ್ಸ್ ಎಂಬ ಗುಡ್ಡಗಾಡು ನಾಡಿದೆ. ಅಲ್ಲಿನ ದಕ್ಷಿಣದ ಕಣಿವೆಗಳಲ್ಲಿ ಆಗ ಎಲ್ಲಿ ನೋಡಿದರೂ ಕಲ್ಲಿದ್ದಲು ಗಣಿಗಳೇ. ಟ್ರೆಡೀಗರ್ ಅಂಥದೊಂದು ಗಣಿ ಊರು. 1897ರ ನವೆಂಬರ್ 15ರಂದು ಅನೈರಿನ್ ಅಲ್ಲಿ ಹುಟ್ಟಿದ. ತಂದೆ ಡೇವಿಡ್ ಗಣಿ ಕೆಲಸಗಾರ. ತಾಯಿ ಫೀಬಿ ಬಟ್ಟೆ ಹೊಲಿಯುತ್ತಿದ್ದರು. ಮನೆಯಲ್ಲಿ ಹುಟ್ಟಿದ್ದು ಹತ್ತು ಮಕ್ಕಳು. ಎಲ್ಲರೂ ಉಳಿಯಲಿಲ್ಲ. ಕೆಲವರು ಚಿಕ್ಕಂದಿನಲ್ಲೇ ತೀರಿಕೊಂಡರು. ಆ ಕಾಲದಲ್ಲಿ ಬಡವರ ಮನೆಗಳಲ್ಲಿ ಇದು ಮಾಮೂಲು ಸಂಗತಿಯಾಗಿತ್ತು.

ಅನೈರಿನ್‌ಗೆ ಮಾತು ತೊದಲುತ್ತಿತ್ತು. ಶಾಲೆಯಲ್ಲಿ ಹುಡುಗರು ನಗುತ್ತಿದ್ದರು. ಮುಖ್ಯೋಪಾಧ್ಯಾಯರು ತುಂಬಾ ಕಠಿಣ. ಹಾಗಾಗಿ ಅವನಿಗೆ ಶಾಲೆ ಅಂದ್ರೆ ಆಗುತ್ತಿರಲಿಲ್ಲ. (ನಮ್ಮ ಗುರುಗಳು ಇದನ್ನು ಓದಿ ಕೋಪ ಮಾಡಿಕೊಳ್ಳಬಾರದು!) ಆದರೆ ಓದು ಅಂದ್ರೆ ಪ್ರಾಣ. ಊರಿನ ಕಾರ್ಮಿಕರು ತಮ್ಮ ಸಂಬಳದಲ್ಲಿ ಉಳಿಸಿ ಒಂದು ವಾಚನಾಲಯ ಕಟ್ಟಿಕೊಂಡಿದ್ದರು. ಅಲ್ಲಿಂದ ಪುಸ್ತಕ ತಂದು ರಾತ್ರಿಯೆಲ್ಲ ಓದುತ್ತಿದ್ದ. ಮಾತು ಸರಿಪಡಿಸಿಕೊಳ್ಳಲು ಗುಡ್ಡದ ಮೇಲೆ ಒಬ್ಬನೇ ನಡೆಯುತ್ತಾ ಪದ್ಯಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಯಾವುದೋ ಪದ ನಾಲಿಗೆಗೆ ಬಾರದಿದ್ದರೆ ಅದೇ ಅರ್ಥದ ಬೇರೆ ಪದ ಹುಡುಕುತ್ತಿದ್ದ. ಹೀಗೆ ಹುಡುಕಿ ಹುಡುಕಿ ಅವನ ಪದಸಂಪತ್ತು ಬೆಳೆಯಿತು. ಮುಂದೆ ಇದೇ ತೊದಲು ಹುಡುಗ ಬ್ರಿಟನ್ ಪಾರ್ಲಿಮೆಂಟಿನ ದೊಡ್ಡ ಭಾಷಣಕಾರರಲ್ಲಿ ಒಬ್ಬನಾದ ಅಂದರೆ ನಂಬುತ್ತೀರಾ?

ಗಣಿಯ ಜೀವನ

ಹದಿಮೂರಕ್ಕೆ ಗಣಿ ಕೆಲಸ ಶುರುವಾಯಿತು. ನೆಲದಡಿ ಕತ್ತಲು, ಮೇಲಿಂದ ಕುಸಿಯುವ ಭಯ, ಉಸಿರಿಗೆಲ್ಲ ಕಪ್ಪು ಧೂಳು. ಮಂದ ಬೆಳಕಿನಲ್ಲಿ ದುಡಿಯುವ ಗಣಿಯವರಿಗೆ ಕಣ್ಣುಗುಡ್ಡೆ ಸದಾ ಅದುರುವ ಒಂದು ಕಾಯಿಲೆ ಬರುತ್ತಿತ್ತು. ಅದು ಬೆವನ್‌ಗೂ ಬಂತು. ಹತ್ತೊಂಬತ್ತನೇ ವಯಸ್ಸಿಗೇ ಅವರು ತಮ್ಮ ಗಣಿಯ ಕಾರ್ಮಿಕ ಸಂಘದ ಮುಖ್ಯಸ್ಥರಾದರು. 1919ರಲ್ಲಿ ಕಾರ್ಮಿಕ ಸಂಘವೇ ಅವರನ್ನು ಓದಲು ಲಂಡನ್ನಿನ ಕಾರ್ಮಿಕ ಕಾಲೇಜಿಗೆ ಕಳಿಸಿತು. ಎರಡು ವರ್ಷ ಓದಿ 1921ರಲ್ಲಿ ವಾಪಸು ಬಂದರೆ ಕೆಲಸ ಕೊಡುವವರೇ ಇಲ್ಲ. ಸಂಘ ಕಟ್ಟುವವನು, ಹಕ್ಕು ಕೇಳುವವನು ಅಂತ ಗಣಿ ಮಾಲೀಕರು ದೂರ ಇಟ್ಟರು. ಬಹಳ ಕಾಲ ನಿರುದ್ಯೋಗಿಯಾಗಿ ಅಲೆದರು.

1925ರಲ್ಲಿ ತಂದೆ ಡೇವಿಡ್ ತೀರಿಕೊಂಡರು. ವರ್ಷಾನುಗಟ್ಟಲೆ ಕುಡಿದ ಕಲ್ಲಿದ್ದಲ ಧೂಳು ಶ್ವಾಸಕೋಶವನ್ನು ತಿಂದುಹಾಕಿತ್ತು. ಮಗನ ತೋಳಿನಲ್ಲೇ ಪ್ರಾಣ ಹೋಯಿತು. ಈ ಕಾಯಿಲೆಗೆ ಪರಿಹಾರ ಕೊಡಬೇಕು ಎಂಬ ಕಾನೂನು ಆಗ ಇರಲಿಲ್ಲ. ಗಣಿಯಿಂದ ಬಂದ ರೋಗ, ಆದರೆ ಗಣಿಗೆ ಸಂಬಂಧವೇ ಇಲ್ಲ ಎನ್ನುವ ಹಾಗೆ! ಈ ಸಾವು ಬೆವನ್ ಅವರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಿತು.

ಮರುವರ್ಷ, ಅಂದರೆ 1926ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಒಂಬತ್ತು ದಿನದ ಸಾರ್ವತ್ರಿಕ ಮುಷ್ಕರ ನಡೆಯಿತು. ಉಳಿದವರೆಲ್ಲ ಕೆಲಸಕ್ಕೆ ಮರಳಿದರೂ ಗಣಿಯವರು ಚಳಿಗಾಲದವರೆಗೆ ಹೋರಾಡಿದರು. ಕೊನೆಗೆ ಹಸಿವು ಗೆದ್ದಿತು. ಕಡಿಮೆ ಕೂಲಿಗೆ, ಹೆಚ್ಚು ಹೊತ್ತಿನ ದುಡಿಮೆಗೆ ಒಪ್ಪಿ ಇಳಿಯಬೇಕಾಯಿತು. ಬಡವನ ಕೋಪ ದವಡೆಗೆ ಮೂಲ ಅಂತಾರಲ್ಲ, ಹಾಗೇ ಆಯ್ತು. ಬರೀ ಮುಷ್ಕರದಿಂದ ಆಗುವುದಿಲ್ಲ, ಕಾನೂನು ಮಾಡುವ ಜಾಗಕ್ಕೇ ಹೋಗಬೇಕು ಎಂದು ಬೆವನ್ ನಿರ್ಧರಿಸಿದರು. 1929ರಲ್ಲಿ ಎಬ್ಬೂ ವೇಲ್ ಕ್ಷೇತ್ರದಿಂದ ಲೇಬರ್ ಪಕ್ಷದ ಪಾರ್ಲಿಮೆಂಟ್ ಸದಸ್ಯರಾದರು. ಸಾಯುವವರೆಗೂ ಆ ಕ್ಷೇತ್ರದ ಜನ ಅವರ ಕೈ ಬಿಡಲಿಲ್ಲ. 1934ರಲ್ಲಿ ಜೆನ್ನಿ ಲೀ ಅವರನ್ನು ಮದುವೆಯಾದರು. ಆಕೆಯೂ ಗಣಿ ಕಾರ್ಮಿಕನ ಮಗಳು, ಆಕೆಯೂ ಪಾರ್ಲಿಮೆಂಟಿಗೆ ಆರಿಸಿ ಬಂದಿದ್ದವರು.

ಹನಿ ಹನಿ ಗೂಡಿದರೆ ಹಳ್ಳ

ಟ್ರೆಡೀಗರ್‌ನಲ್ಲಿ ಒಂದು ವಿಶೇಷ ಇತ್ತು. 1890ರಲ್ಲೇ ಅಲ್ಲಿ ವೈದ್ಯಕೀಯ ನೆರವಿನ ಸಂಘವೊಂದು ಹುಟ್ಟಿಕೊಂಡಿತ್ತು. ಕಾರ್ಮಿಕರು ಪ್ರತಿ ವಾರ ಸಂಬಳದಲ್ಲಿ ಕೆಲವು ಪೆನ್ನಿಗಳನ್ನು ಸಂಘಕ್ಕೆ ಕೊಡುತ್ತಿದ್ದರು. ಆ ದುಡ್ಡಿನಲ್ಲಿ ಸಂಘವೇ ಡಾಕ್ಟರನ್ನು, ದಂತವೈದ್ಯರನ್ನು, ದಾದಿಯರನ್ನು, ಔಷಧಿ ಕೊಡುವವರನ್ನು ನೇಮಿಸಿಕೊಂಡಿತ್ತು. ದುಡಿಯುವವನಿಗೆ ಮಾತ್ರ ಅಲ್ಲ, ಹೆಂಡತಿ ಮಕ್ಕಳಿಗೂ ಚಿಕಿತ್ಸೆ. ಕಾಯಿಲೆ ಬಿದ್ದ ದಿನ ಜೇಬು ಮುಟ್ಟಿ ನೋಡಿಕೊಳ್ಳುವ ಹಾಗಿಲ್ಲ. ಊರಿನ ಶೇಕಡಾ 95ರಷ್ಟು ಜನ ಈ ಸಂಘದ ಆಶ್ರಯಕ್ಕೆ ಬಂದಿದ್ದರು. ಬೆವನ್ ಸ್ವತಃ ಇದರ ಆಸ್ಪತ್ರೆ ಸಮಿತಿಯಲ್ಲಿ ಕೆಲಸ ಮಾಡಿದರು.

ಉಳಿದ ಊರುಗಳಲ್ಲಿ ಹೀಗಿರಲಿಲ್ಲ. 1911ರ ವಿಮಾ ಕಾನೂನು ಕಡಿಮೆ ಸಂಬಳದ ದುಡಿಯುವವನಿಗೆ ಮಾತ್ರ ಡಾಕ್ಟರನ್ನು ಕೊಟ್ಟಿತ್ತು. ಅವನ ಹೆಂಡತಿ ಮಕ್ಕಳಿಗೆ ಇಲ್ಲ. ಮಗುವಿಗೆ ಜ್ವರ ಬಂದರೆ ತಾಯಿ ಮೊದಲು ಮನೆಯಲ್ಲಿ ದುಡ್ಡು ಎಷ್ಟಿದೆ ನೋಡಬೇಕು. ತಾಯಿಗೇ ಕಾಯಿಲೆ ಬಂದರೆ ಆಕೆ ಹೇಳಿಕೊಳ್ಳುತ್ತಲೇ ಇರಲಿಲ್ಲ. ಆಸ್ಪತ್ರೆಗಳು ಎರಡು ಥರ. ಒಂದು, ದಾನಿಗಳ ಹಣದಿಂದ ನಡೆಯುವಂಥವು. ಇನ್ನೊಂದು, ಊರಾಡಳಿತದವು. ಇವುಗಳಲ್ಲಿ ಎಷ್ಟೋ ಹಿಂದೆ ಅನಾಥರನ್ನು, ದಿಕ್ಕಿಲ್ಲದವರನ್ನು ಕೂಡಿಹಾಕುತ್ತಿದ್ದ ಬಡವರ ಛತ್ರಗಳು. ಅಲ್ಲಿಗೆ ಹೋಗುವುದೆಂದರೆ ಮರ್ಯಾದೆ ಹೋದ ಹಾಗೆ ಅಂತ ಜನ ಹೆದರುತ್ತಿದ್ದರು.

ನಿಮಗೆ ಗೊತ್ತೇ? ಎ.ಜೆ. ಕ್ರೋನಿನ್ ಎಂಬ ಯುವ ಡಾಕ್ಟರ್ 1920ರ ದಶಕದಲ್ಲಿ ಟ್ರೆಡೀಗರ್‌ನಲ್ಲಿ ಕೆಲಸ ಮಾಡಿದ್ದರು. ಆ ಅನುಭವದ ಮೇಲೆ 1937ರಲ್ಲಿ ‘ದಿ ಸಿಟಾಡೆಲ್’ ಎಂಬ ಕಾದಂಬರಿ ಬರೆದರು. ದುಡ್ಡಿಗಾಗಿ ವೈದ್ಯ ವೃತ್ತಿ ಹೇಗೆ ದಾರಿ ತಪ್ಪುತ್ತದೆ ಎಂಬುದನ್ನು ಅದು ಲಕ್ಷಾಂತರ ಜನರಿಗೆ ತೋರಿಸಿತು.

ಮಂತ್ರಿಯಾದರು

ಎರಡನೇ ಮಹಾಯುದ್ಧದ ನಡುವೆ, 1942ರ ಡಿಸೆಂಬರ್‌ನಲ್ಲಿ ವಿಲಿಯಂ ಬೆವರಿಜ್ ಎಂಬವರು ಒಂದು ವರದಿ ಕೊಟ್ಟರು. ಬಡತನ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ರಾಕ್ಷಸರನ್ನು ದೇಶ ಎದುರಿಸಬೇಕು ಎಂಬುದು ಅದರ ಸಾರ. (ಬೆವರಿಜ್ ಬೇರೆ, ಬೆವನ್ ಬೇರೆ. ಹೆಸರು ಒಂದೇ ಥರ ಇದೆ ಅಂತ ಗೊಂದಲ ಮಾಡಿಕೊಳ್ಳಬೇಡಿ.) ಜನ ಸಾಲು ನಿಂತು ಆ ವರದಿ ಕೊಂಡು ಓದಿದರು. 1945ರ ಜುಲೈನಲ್ಲಿ ಚುನಾವಣೆಯ ಫಲಿತಾಂಶ ಬಂತು. ಯುದ್ಧ ಗೆಲ್ಲಿಸಿದ ಚರ್ಚಿಲ್ ಸೋತರು! ಲೇಬರ್ ಪಕ್ಷದ ಕ್ಲೆಮೆಂಟ್ ಅಟ್ಲೀ ಪ್ರಧಾನಿಯಾದರು. ಅವರು 47 ವರ್ಷದ ಬೆವನ್‌ರನ್ನು ಆರೋಗ್ಯ ಮಂತ್ರಿ ಮಾಡಿದರು. ಸಂಪುಟದಲ್ಲಿ ಅವರೇ ಎಲ್ಲರಿಗಿಂತ ಕಿರಿಯರು. 1947ರಲ್ಲಿ ಭಾರತಕ್ಕೆ ಸ್ವಾತಂತ್ರ್ಯ ಬಂದಾಗ ಅಧಿಕಾರದಲ್ಲಿ ಇದ್ದದ್ದು ಇದೇ ಸಂಪುಟ.

ಬೆವನ್ ಯೋಜನೆ ಕೇಳಲು ಸರಳ. ತನ್ನೂರಿನ ಸಂಘ ಮಾಡಿದ್ದನ್ನು ಇಡೀ ದೇಶಕ್ಕೆ ಮಾಡುವುದು. ಅದರ ಮೂಲ ಸೂತ್ರಗಳು ಮೂರು:

1. ಚಿಕಿತ್ಸೆ ಎಲ್ಲರಿಗೂ. ರಾಜನಿಗೂ, ಕೂಲಿಯವನಿಗೂ.
2. ಚಿಕಿತ್ಸೆ ಪಡೆಯುವ ಹೊತ್ತಿನಲ್ಲಿ ದುಡ್ಡು ಕೇಳಬಾರದು.
3. ಯಾರಿಗೆ ಎಷ್ಟು ಚಿಕಿತ್ಸೆ ಎಂಬುದನ್ನು ಕಾಯಿಲೆ ನೋಡಿ ತೀರ್ಮಾನಿಸಬೇಕು, ಜೇಬು ನೋಡಿ ಅಲ್ಲ.

ಹಾಗಾದರೆ ದುಡ್ಡು ಎಲ್ಲಿಂದ? ಮುಖ್ಯವಾಗಿ ತೆರಿಗೆಯಿಂದ. ಆರೋಗ್ಯವಾಗಿದ್ದು ದುಡಿಯುವಾಗ ಶಕ್ತಿಗೆ ತಕ್ಕಷ್ಟು ಕೊಡು, ಕಾಯಿಲೆ ಬಿದ್ದಾಗ ಅಗತ್ಯಕ್ಕೆ ತಕ್ಕಷ್ಟು ಪಡೆ. ಆದ್ದರಿಂದ ಇದು ಧರ್ಮಕ್ಕೆ ಕೊಟ್ಟದ್ದಲ್ಲ, ಎಲ್ಲರೂ ಮೊದಲೇ ಕೂಡಿಟ್ಟದ್ದು. ಖಾಸಗಿ ವಿಮೆಯ ದಾರಿ ಯಾಕೆ ಬೇಡ ಅಂದರೆ, ಲಾಭ ನೋಡುವವನಿಗೆ ಆರೋಗ್ಯವಂತ ಬೇಕು, ರೋಗಿ ಬೇಡ. ಯಾರಿಗೆ ಚಿಕಿತ್ಸೆ ಹೆಚ್ಚು ಬೇಕೋ ಅವರೇ ಹೊರಗೆ ಉಳಿಯುತ್ತಾರೆ. ಬೆವನ್ ಇದನ್ನು ಚೆನ್ನಾಗಿ ಅರಿತಿದ್ದರು.

ವಿರೋಧ

ಕೆಲಸ ಮಾತ್ರ ಸರಳ ಇರಲಿಲ್ಲ. ಮೊದಲ ಜಗಳ ಸ್ವಂತ ಪಕ್ಷದಲ್ಲೇ. ಆಸ್ಪತ್ರೆಗಳು ಊರಾಡಳಿತದ ಕೈಯಲ್ಲೇ ಇರಲಿ ಎಂದು ಹಿರಿಯ ಮಂತ್ರಿ ಹರ್ಬರ್ಟ್ ಮಾರಿಸನ್ ವಾದಿಸಿದರು. ಹಾಗೆ ಮಾಡಿದರೆ ಶ್ರೀಮಂತ ಊರಿಗೆ ಒಳ್ಳೆ ಆಸ್ಪತ್ರೆ, ಬಡ ಊರಿಗೆ ಕೆಟ್ಟ ಆಸ್ಪತ್ರೆ ಆಗುತ್ತದೆ ಎಂಬುದು ಬೆವನ್ ವಾದ. ಕೊನೆಗೆ ಅವರ ಮಾತೇ ನಡೆಯಿತು. 1946ರ ನವೆಂಬರ್ 6ರಂದು ರಾಷ್ಟ್ರೀಯ ಆರೋಗ್ಯ ಸೇವೆಯ ಕಾನೂನಿಗೆ ಒಪ್ಪಿಗೆ ಸಿಕ್ಕಿತು.

ಎರಡನೇ ಜಗಳ ಡಾಕ್ಟರುಗಳ ಜೊತೆ. ಇದು ತುಂಬಾ ದೊಡ್ಡದು. ಅವರ ವಾದವನ್ನೂ ನಾವು ನ್ಯಾಯವಾಗಿ ಕೇಳಬೇಕು. ಸರ್ಕಾರದ ಸಂಬಳದ ನೌಕರರಾದರೆ ನಮ್ಮ ಸ್ವಾತಂತ್ರ್ಯ ಹೋಗುತ್ತದೆ, ರೋಗಿ ಮತ್ತು ವೈದ್ಯರ ನಡುವೆ ಅಧಿಕಾರಿ ಬಂದು ಕೂರುತ್ತಾನೆ ಎಂದು ಅವರು ಹೆದರಿದ್ದರು. ಇನ್ನೊಂದು ಕಾರಣವೂ ಇತ್ತು. ಆಗ ಡಾಕ್ಟರ ‘ಪ್ರಾಕ್ಟೀಸ್’ ಅಂಗಡಿ ಥರ ಮಾರಾಟವಾಗುತ್ತಿತ್ತು. ಹೊಸ ಡಾಕ್ಟರ್ ಸಾಲ ಮಾಡಿ ಹಳೇ ಡಾಕ್ಟರ ಪ್ರಾಕ್ಟೀಸನ್ನು, ರೋಗಿಗಳ ಸಮೇತ, ಕೊಳ್ಳಬೇಕಿತ್ತು. ಹೊಸ ಕಾನೂನು ಈ ಮಾರಾಟ ನಿಲ್ಲಿಸಿತು. ಅದಕ್ಕೆ ಪರಿಹಾರವಾಗಿ 6 ಕೋಟಿ 60 ಲಕ್ಷ ಪೌಂಡ್ ಎತ್ತಿಟ್ಟಿತು. ಆದರೂ 1948ರ ಫೆಬ್ರವರಿಯಲ್ಲಿ ವೈದ್ಯರ ಸಂಘ ಮತ ಹಾಕಿಸಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬೇಡ ಅಂದರು. ಸೇವೆ ಶುರುವಾಗಲು ಐದೇ ತಿಂಗಳು ಉಳಿದಿತ್ತು!

ಬೆವನ್ ಹಠಮಾರಿ. ಆದರೆ ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಅಂತ ಗೊತ್ತಿದ್ದ ಹಠಮಾರಿ. ದೊಡ್ಡ ಆಸ್ಪತ್ರೆಗಳ ತಜ್ಞ ವೈದ್ಯರ ಮುಖಂಡರಾದ ಲಾರ್ಡ್ ಮೊರಾನ್ ಜೊತೆ ಮಾತಾಡಿದರು. ತಜ್ಞರು ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಖಾಸಗಿ ರೋಗಿಗಳನ್ನೂ ನೋಡಬಹುದು ಎಂದು ಬಿಟ್ಟುಕೊಟ್ಟರು. ಊರಿನ ಡಾಕ್ಟರುಗಳನ್ನು ಪೂರ್ತಿ ಸಂಬಳದ ನೌಕರರನ್ನಾಗಿ ಮಾಡುವುದಿಲ್ಲ ಎಂದು ಭರವಸೆ ಕೊಟ್ಟರು. ಅವರಿಗೆ ತಮ್ಮ ಪಟ್ಟಿಯಲ್ಲಿರುವ ತಲೆಗಳ ಲೆಕ್ಕದಲ್ಲಿ ಹಣ. ರೋಗಿ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಹೀಗಾಗಿ ಬೇಡದ ಔಷಧಿ, ಬೇಡದ ಭೇಟಿಯಿಂದ ಡಾಕ್ಟರಿಗೆ ಲಾಭ ಇಲ್ಲ. ಖಾಸಗಿ ಬಾಗಿಲನ್ನು ಸ್ವಲ್ಪ ತೆರೆದಿಟ್ಟದ್ದು ತಪ್ಪು ಎಂದು ಅವರ ಗೆಳೆಯರೇ ಕೆಲವರು ಬೈದರು. ಆದರೆ ಎಲ್ಲರಿಗೂ ಉಚಿತ ಎಂಬ ಮುಖ್ಯ ಮಾತಿನಲ್ಲಿ ಬೆವನ್ ಒಂದಿಂಚೂ ಹಿಂದೆ ಸರಿಯಲಿಲ್ಲ. ಮೇ ತಿಂಗಳಲ್ಲಿ ಮತ್ತೆ ಮತ ಹಾಕಿದಾಗ ವಿರೋಧ ಬಹಳ ಇಳಿದಿತ್ತು. ವೈದ್ಯರ ಸಂಘ ಸೇವೆಗೆ ಸೇರಲು ಒಪ್ಪಿತು.

1948ರ ಜುಲೈ 5

ಆ ದಿನ ಇಂಗ್ಲೆಂಡ್ ಮತ್ತು ವೇಲ್ಸ್‌ನ 2,688 ಆಸ್ಪತ್ರೆಗಳು, ಸುಮಾರು 4,80,000 ಹಾಸಿಗೆಗಳ ಸಮೇತ, ಜನರ ಆಸ್ತಿಯಾದವು. ಇದಕ್ಕೆ ದೇಶ ಶ್ರೀಮಂತವಾಗಿತ್ತೇ? ಇಲ್ಲ. ಯುದ್ಧದಿಂದ ಸಾಲದಲ್ಲಿ ಮುಳುಗಿತ್ತು. ಬ್ರೆಡ್ಡಿಗೂ ಆ ದಿನ ಇನ್ನೂ ರೇಷನ್ ಇತ್ತು! ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳುತ್ತಾರೆ. ಆದರೆ ಇದ್ದ ಹಾಸಿಗೆಯನ್ನು ಎಲ್ಲರೂ ಹಂಚಿಕೊಂಡರೆ ಎಷ್ಟು ಜನರ ಕಾಲು ಬೆಚ್ಚಗಾಗುತ್ತದೆ ಎಂಬುದನ್ನು ಆ ದಿನ ತೋರಿಸಿತು.

ಬೆವನ್ ಅಂದು ಮ್ಯಾಂಚೆಸ್ಟರ್ ಹತ್ತಿರದ ಪಾರ್ಕ್ ಆಸ್ಪತ್ರೆಗೆ ಹೋದರು. ಅಲ್ಲಿ ಹೊಸ ಸೇವೆಯ ಮೊದಲ ರೋಗಿ ಯಕೃತ್ತಿನ ಕಾಯಿಲೆಯ ಹದಿಮೂರು ವರ್ಷದ ಒಬ್ಬ ಹುಡುಗಿ. ಬೆವನ್ ಗಣಿಗೆ ಇಳಿದಾಗ ಅವರಿಗೂ ಅದೇ ವಯಸ್ಸು. ವೇಲ್ಸ್‌ನಲ್ಲಿ ಅದೇ ಮಧ್ಯರಾತ್ರಿ ಹನ್ನೆರಡು ದಾಟಿದ ಕೂಡಲೇ ಹುಟ್ಟಿದ ಒಂದು ಹೆಣ್ಣುಮಗುವಿಗೆ ಬೆವನ್ ಅವರ ಹೆಸರನ್ನೇ ಹೋಲುವ ಹೆಸರಿಟ್ಟರು.

ಆಮೇಲೆ ಜನ ಹೊಳೆಯಂತೆ ಬಂದರು. ಮೊದಲ ವರ್ಷವೇ 50 ಲಕ್ಷಕ್ಕೂ ಹೆಚ್ಚು ಕನ್ನಡಕ ಹಂಚಿದರು. ವರ್ಷಗಟ್ಟಲೆ ಮಂಜು ಮಂಜಾಗಿ ನೋಡುತ್ತಿದ್ದ ಅಜ್ಜಂದಿರು, ಹಲ್ಲಿಲ್ಲದೆ ಗಂಜಿ ಕುಡಿಯುತ್ತಿದ್ದವರು, ನೋವನ್ನು ಮುಚ್ಚಿಟ್ಟುಕೊಂಡು ದುಡಿಯುತ್ತಿದ್ದ ತಾಯಂದಿರು, ಎಲ್ಲರೂ ಬಂದರು. ಖರ್ಚು ಅಂದಾಜಿಗಿಂತ ಬಹಳ ಮೇಲೆ ಹೋಯಿತು. ಉಚಿತ ಅಂದಮೇಲೆ ಜನ ದುರುಪಯೋಗ ಮಾಡುತ್ತಾರೆ ಎಂದು ವಿರೋಧಿಗಳು ಆಡಿಕೊಂಡರು. ಆದರೆ ಕಾಯಿಲೆ ಹೊಸದಾಗಿ ಹುಟ್ಟಿದ್ದಲ್ಲ. ಅದು ಮೊದಲೂ ಇತ್ತು, ಲೆಕ್ಕಕ್ಕೆ ಬಂದಿರಲಿಲ್ಲ ಅಷ್ಟೆ.

ರಾಜೀನಾಮೆ

ಬೆವನ್ ದೇವರಲ್ಲ. ಅವರ ನಾಲಿಗೆ ಬಹಳ ಹರಿತ. ಸೇವೆ ಶುರುವಾಗುವ ಹಿಂದಿನ ದಿನವೇ ಭಾಷಣದಲ್ಲಿ ವಿರೋಧ ಪಕ್ಷದವರನ್ನು ಹುಳಹುಪ್ಪಟೆಗೆ ಹೋಲಿಸಿ ತಮ್ಮ ಪಕ್ಷಕ್ಕೇ ತೊಂದರೆ ತಂದರು. ಔಷಧಿ ಚೀಟಿಗೆ ಒಂದು ಶಿಲ್ಲಿಂಗ್ ಶುಲ್ಕ ಹಾಕಲು ಅವಕಾಶ ಕೊಡುವ ಕಾನೂನಿಗೆ 1949ರಲ್ಲಿ ಅವರೂ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದ್ದರು, ಆದರೆ ಶುಲ್ಕ ಜಾರಿಗೆ ಬರಲು ಬಿಡಲಿಲ್ಲ.

1951ರಲ್ಲಿ ಕೊರಿಯಾ ಯುದ್ಧದ ಹೊತ್ತು. ಮೂರು ವರ್ಷಕ್ಕೆ 470 ಕೋಟಿ ಪೌಂಡ್ ಶಸ್ತ್ರಾಸ್ತ್ರಕ್ಕೆ ಎಂದು ಸರ್ಕಾರ ತೀರ್ಮಾನಿಸಿತ್ತು. ಹಣಕಾಸು ಮಂತ್ರಿ ಗೇಟ್‌ಸ್ಕೆಲ್ ಬಜೆಟ್ಟಿನಲ್ಲಿ ಕನ್ನಡಕ ಮತ್ತು ಕೃತಕ ಹಲ್ಲಿಗೆ ಶುಲ್ಕ ಹಾಕಿದರು. ಅದರಿಂದ ಉಳಿಯುವ ಹಣ ಶಸ್ತ್ರಾಸ್ತ್ರದ ಲೆಕ್ಕದ ಮುಂದೆ ಬಹಳ ಚಿಕ್ಕದು. ಆದರೆ ಬೆವನ್ ಅವರಿಗೆ ಅದು ಚಿಕ್ಕದಾಗಿ ಕಾಣಲಿಲ್ಲ. ಕೆರೆ ಏರಿಯಲ್ಲಿ ಒಂದು ಸಣ್ಣ ಬಿಲ ಬಿದ್ದರೆ ಸಾಕು, ಮುಂದೆ ಇಡೀ ಏರಿ ಒಡೆಯುತ್ತದೆ ಅಂತ ನಮ್ಮ ರೈತರಿಗೆ ಗೊತ್ತಲ್ಲ, ಹಾಗೆ. ಏಪ್ರಿಲ್‌ನಲ್ಲಿ ಅವರು ಮಂತ್ರಿ ಪದವಿ ಬಿಟ್ಟು ಹೊರಬಂದರು. ಹೆರಾಲ್ಡ್ ವಿಲ್ಸನ್, ಜಾನ್ ಫ್ರೀಮನ್ ಕೂಡ ರಾಜೀನಾಮೆ ಕೊಟ್ಟರು. ಕನ್ನಡಕಕ್ಕಾಗಿ ಕುರ್ಚಿ ಬಿಟ್ಟವರು ಲೋಕದಲ್ಲಿ ಎಷ್ಟು ಜನ ಸಿಕ್ಕಾರು! ಇದರಿಂದ ಪಕ್ಷ ಒಡೆಯಿತು, ಅದೇ ವರ್ಷ ಸೋತಿತು ಎಂದು ದೂರಿದವರೂ ಇದ್ದಾರೆ. ಮತ್ತೆ ಅವರು ಮಂತ್ರಿಯಾಗಲೇ ಇಲ್ಲ.

1952ರಲ್ಲಿ ತಮ್ಮ ವಿಚಾರಗಳನ್ನು ‘ಇನ್ ಪ್ಲೇಸ್ ಆಫ್ ಫಿಯರ್’ ಎಂಬ ಪುಸ್ತಕದಲ್ಲಿ ಬರೆದರು. ಭಯದ ಜಾಗದಲ್ಲಿ ಎಂಬುದು ಹೆಸರಿನ ಅರ್ಥ. 1959ರಲ್ಲಿ ಪಕ್ಷದ ಉಪನಾಯಕರಾದರು. 1960ರ ಜುಲೈ 6ರಂದು ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 62 ವರ್ಷ. ಅವರ ಚಿತಾಭಸ್ಮವನ್ನು ಟ್ರೆಡೀಗರ್ ಮೇಲಿನ ಗುಡ್ಡಗಳಲ್ಲಿ ಹರಡಿದರು. ಅವರು ಜನರಿಗೆ ಭಾಷಣ ಮಾಡುತ್ತಿದ್ದ ಬಯಲಿನಲ್ಲಿ ಈಗ ನಾಲ್ಕು ದೊಡ್ಡ ಕಲ್ಲುಗಳಿವೆ. ಒಂದು ಬೆವನ್‌ಗೆ, ಮೂರು ಅವರ ಕ್ಷೇತ್ರದ ಮೂರು ಊರುಗಳಿಗೆ. 2004ರಲ್ಲಿ ವೇಲ್ಸ್‌ನ ನೂರು ವೀರರನ್ನು ಜನರೇ ಮತ ಹಾಕಿ ಆರಿಸಿದಾಗ ಮೊದಲ ಸ್ಥಾನ ಬಂದದ್ದು ಈ ಗಣಿ ಹುಡುಗನಿಗೆ.

ಆಮೇಲೆ ಏನಾಯ್ತು?

ಆ ಸೇವೆ ಇಂದಿಗೂ ಇದೆ. 1960ರ ದಶಕದಿಂದ ಅದನ್ನು ನಡೆಸಲು ಭಾರತದ ಸಾವಿರಾರು ಡಾಕ್ಟರುಗಳು ಹೋದರು. ನಮ್ಮ ಕರ್ನಾಟಕದ ಕಾಲೇಜುಗಳಲ್ಲಿ ಓದಿದವರೂ ಅವರಲ್ಲಿದ್ದಾರೆ. ವೇಲ್ಸ್‌ನಲ್ಲಿ 2007ರಿಂದ ಔಷಧಿ ಚೀಟಿಗೂ ಶುಲ್ಕ ಇಲ್ಲ. ಹಾಗಂತ ಎಲ್ಲ ಸರಿಯಾಗಿದೆ ಎಂದಲ್ಲ. 2022ರಲ್ಲಿ ಇಂಗ್ಲೆಂಡಿನಲ್ಲಿ ಚಿಕಿತ್ಸೆಗೆ ಕಾಯುವವರ ಪಟ್ಟಿ 70 ಲಕ್ಷ ದಾಟಿತು. ಉಚಿತ ಅಂತ ಬೋರ್ಡು ಹಾಕಿದರೆ ಸಾಲದು. ಸಾಕಷ್ಟು ಡಾಕ್ಟರು, ದಾದಿಯರು, ಹಾಸಿಗೆ, ಹಣ ಎಲ್ಲವನ್ನೂ ಪ್ರತಿ ವರ್ಷ ಒದಗಿಸುತ್ತಲೇ ಇರಬೇಕು.

ಬೇರೆ ದೇಶಗಳೂ ತಮ್ಮ ತಮ್ಮ ದಾರಿ ಹಿಡಿದವು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯ 1962ರಲ್ಲಿ ಶುರುಮಾಡಿದಾಗ ಅಲ್ಲಿನ ಡಾಕ್ಟರುಗಳು 23 ದಿನ ಮುಷ್ಕರ ಹೂಡಿದರು. ಕೊನೆಗೆ ಯೋಜನೆ ಉಳಿಯಿತು, ಇಡೀ ದೇಶಕ್ಕೆ ಹರಡಿತು. ಥಾಯ್ಲೆಂಡ್ ಅಷ್ಟೇನೂ ಶ್ರೀಮಂತ ದೇಶವಲ್ಲ. ಅದೂ 2002ರಲ್ಲಿ ಎಲ್ಲ ಪ್ರಜೆಗಳನ್ನೂ ಒಳಗೆ ತಂದಿತು. ನಮ್ಮ ದೇಶದಲ್ಲೂ 1943ರಲ್ಲಿ ನೇಮಕವಾದ ಜೋಸೆಫ್ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟು, ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದಿತ್ತು. ಬೆವನ್ ಕಾನೂನು ಬಂದದ್ದೂ ಅದೇ ವರ್ಷ! ನಮ್ಮಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು 1952ರಿಂದ ಆರಂಭವಾದವು. ನಾವು ಚುಚ್ಚುಮದ್ದು ಹಾಕಿಸಿಕೊಳ್ಳುವ ಕೇಂದ್ರದ ಬೇರು ಆ ವರದಿಯಲ್ಲಿದೆ.

ಆದರೆ ದಾರಿ ಇನ್ನೂ ದೂರ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಲೆಕ್ಕದಂತೆ ಲೋಕದಲ್ಲಿ ಸುಮಾರು 450 ಕೋಟಿ ಜನರಿಗೆ ಅಗತ್ಯ ಆರೋಗ್ಯ ಸೇವೆ ಪೂರ್ತಿಯಾಗಿ ಸಿಗುತ್ತಿಲ್ಲ. ಆಸ್ಪತ್ರೆ ಖರ್ಚಿಗೆ ಎತ್ತು ಮಾರಿದವರು, ಓಲೆ ಅಡ ಇಟ್ಟವರು, ಹೊಲ ಬರೆದುಕೊಟ್ಟವರು ಯಾವ ಹಳ್ಳಿಯಲ್ಲಿ ಇಲ್ಲ ಹೇಳಿ? ಕಾಯಿಲೆ ಬರುವುದು ಯಾರ ತಪ್ಪೂ ಅಲ್ಲ. ಹಾಗಿದ್ದಮೇಲೆ ಅದರ ಭಾರ ಒಂದೇ ಮನೆಯ ಮೇಲೆ ಬೀಳುವುದು ಯಾವ ನ್ಯಾಯ? ಊರ ಜಾತ್ರೆಗೆ, ತೇರಿಗೆ ಮನೆ ಮನೆಯಿಂದ ಪಟ್ಟಿ ಎತ್ತುತ್ತೇವೆ. ತೇರು ಎಳೆಯಲು ಎಲ್ಲರೂ ಹಗ್ಗ ಹಿಡಿಯುತ್ತೇವೆ. ಬೆವನ್ ಮಾಡಿದ್ದೂ ಅದನ್ನೇ. ಹಗ್ಗ ಮಾತ್ರ ತುಂಬಾ ಉದ್ದ ಇತ್ತು.

ಸ್ನೇಹಿತರೇ, ನೀವೂ ಯೋಚಿಸಿ, ಉತ್ತರ ಬರೆದು ನಮ್ಮ ಗೋಡೆ ಪತ್ರಿಕೆಯ ಡಬ್ಬಿಗೆ ಹಾಕಿ:

1. ಬೆವನ್ ಡಾಕ್ಟರುಗಳಿಗೆ ಸ್ವಲ್ಪ ಬಿಟ್ಟುಕೊಟ್ಟದ್ದು ಸರಿಯೋ, ತಪ್ಪೋ?
2. ಕನ್ನಡಕದ ಶುಲ್ಕದಂಥ ಸಣ್ಣ ವಿಷಯಕ್ಕೆ ರಾಜೀನಾಮೆ ಕೊಡಬೇಕಿತ್ತೇ?
3. ನಮ್ಮ ಆರೋಗ್ಯ ಕೇಂದ್ರ ಇನ್ನೂ ಚೆನ್ನಾಗಿ ನಡೆಯಲು ಊರಿನವರು ಏನು ಮಾಡಬಹುದು? ಸರ್ಕಾರವನ್ನು ಏನು ಕೇಳಬೇಕು?

ಒಳ್ಳೆಯ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ದುಂಡಗೆ ಬರೆದು ಅಂಟಿಸುತ್ತೇವೆ. ಎಲ್ಲರಿಗೂ ಆರೋಗ್ಯಭಾಗ್ಯ ಸಿಗಲಿ.